ನಡುಗೂಸು

ನಮ್ಮವ್ವನಿಗೆ ಅಪ್ಪನ ಮಾತು ಕೇಳಿಸುವುದಿಲ್ಲ. ಕಿವಿ ಕೆಟ್ಟಿಲ್ಲ, ಕೆಟ್ಟಿದ್ದರೆ ಆಸ್ಪತ್ರೆಗಾದರೂ ತೋರಿಸಬಹುದಿತ್ತು. ಹಿಂದಿನ ಬೀದಿಯಲ್ಲಿ ಹಾಲಿನವನು ಸೈಕಲ್ ಗಂಟೆ ಹೊಡೆದರೆ ಮಲಗಿದ್ದವಳು ಎದ್ದು ಪಾತ್ರೆ ಹುಡುಕುತ್ತಾಳೆ. ಅಪ್ಪ ಮಗ್ಗುಲಲ್ಲೇ ಕೂತು ಗಂಟಲು ಹರಿಯುವಂತೆ ಕೂಗಿದರೂ ತಲೆ ಎತ್ತುವುದಿಲ್ಲ. ಅಪ್ಪನಿಗೂ ಅಷ್ಟೇ, ಊರವರ ಪಿಸುಮಾತೆಲ್ಲ ಕೇಳಿಸುತ್ತದೆ, ಅವ್ವನದು ಮಾತ್ರ ಇಲ್ಲ. ನಮ್ಮೂರಲ್ಲಿ ಇದಕ್ಕೆ ಕಿವಿ ಮುಚ್ಚುವುದು ಅನ್ನುತ್ತಾರೆ. ಗಂಡ ಹೆಂಡಿರ ನಡುವೆ ಮನಸ್ಸು ಸತ್ತ ಮೇಲೆ ಮಾತೂ ಸಾಯುತ್ತದೆ, ಅವರಿಬ್ಬರ ಪಾಲಿಗೆ ಮಾತ್ರ. ಮಿಕ್ಕವರಿಗೆಲ್ಲ ಇಬ್ಬರದೂ ಕೇಳಿಸುತ್ತಲೇ ಇರುತ್ತದೆ. ಬೇರೆ ಊರುಗಳಲ್ಲಿ ಹೀಗಿಲ್ಲವಂತೆ. ಅಲ್ಲಿ ಮನಸ್ಸು ಸತ್ತ ಮೇಲೂ ಬೈಗುಳ ಕಿವಿಗೆ ಬೀಳುತ್ತಿರುತ್ತದಂತೆ. ಯಾವುದು ವಾಸಿ ಅಂತ ನನ್ನನ್ನು ಕೇಳಬೇಡಿ.

ಕಿವಿ ಮುಚ್ಚಿದ ಮೇಲೆ ಏನು ಮಾಡಬೇಕು? ಇಬ್ಬರಿಗೂ ಅವರವರ ದಾರಿ ತೋರಿಸಿ ಕಳಿಸಬೇಕು ತಾನೆ? ನಮ್ಮೂರಿನವರು ಹಾಗೆ ಮಾಡಲಿಲ್ಲ. ಮನೆಯಲ್ಲಿದ್ದ ಮಗುವನ್ನು ತಂದು ಇಬ್ಬರ ನಡುವೆ ನಿಲ್ಲಿಸಿದರು. ಅಪ್ಪ ಅಂದದ್ದನ್ನು ಅಮ್ಮನಿಗೆ ಒಪ್ಪಿಸು, ಅಮ್ಮ ಅಂದದ್ದನ್ನು ಅಪ್ಪನಿಗೆ ಒಪ್ಪಿಸು. ಅದಕ್ಕೊಂದು ಹೆಸರು ಬೇರೆ ಇಟ್ಟರು, ನಡುಗೂಸು ಅಂತ. ಯುಗಾದಿಯ ಬೇವುಬೆಲ್ಲ ಮೊದಲು ನಡುಗೂಸಿನ ಕೈಗೆ. ಮದುವೆ ಮನೆಯಲ್ಲಿ ಮದುಮಗಳ ಪಕ್ಕ ಕೂರಿಸುವುದು ನಡುಗೂಸನ್ನು. ಮನೆ ಉಳಿಸಿದ ಕಂದ ಅಂತ ಮುದುಕಿಯರು ನೆಟಿಗೆ ಮುರಿಯುವುದೇನು, ಗಲ್ಲ ಸವರುವುದೇನು! ಆ ಗಲ್ಲದ ಒಳಗೆ ಏನಿದೆ ಅಂತ ಒಬ್ಬಳೂ ಬಾಯಿ ತೆರೆಸಿ ನೋಡಲಿಲ್ಲ.

ನಾನೂ ನಡುಗೂಸಾಗಿದ್ದವನೇ. ಆದರೆ ನಾನು ಮಾತನ್ನು ಇದ್ದದ್ದು ಇದ್ದ ಹಾಗೇ ಒಪ್ಪಿಸುತ್ತಿದ್ದೆ. "ಸಾರಿಗೆ ಉಪ್ಪಿಲ್ಲ, ಇವಳ ತವರಲ್ಲಿ ಉಪ್ಪನ್ನೂ ಎರವಲು ತರ್ತಿದ್ರಾ ಕೇಳು" ಅಂತ ಅಪ್ಪ ಅಂದರೆ, ಅವ್ವನ ಮುಂದೆ ನಿಂತು ಒಂದಕ್ಷರ ಬಿಡದೆ ಹೇಳುತ್ತಿದ್ದೆ. ಅವ್ವ ನನ್ನ ಕೆನ್ನೆಗೊಂದು ಬಿಡುತ್ತಿದ್ದಳು. ಅವಳ ಉತ್ತರ ತಗೊಂಡು ಹೋದರೆ ಅಪ್ಪನದು ಇನ್ನೊಂದು. ಇಬ್ಬರ ಜಗಳಕ್ಕೆ ಕೆನ್ನೆ ನನ್ನದು. ನಾನು ಶಾಲೆಗೆ ಹೋದರೆ ಮನೆಯಲ್ಲಿ ಮಾತು ನಿಲ್ಲುತ್ತದೆ ಅಂತ ಆರನೇ ಕ್ಲಾಸಿಗೇ ಬಿಡಿಸಿದರು. ಹೆಡ್‌ಮಾಸ್ತರು, "ಮನೆಗಿಂತ ದೊಡ್ಡ ಶಾಲೆ ಯಾವುದಿದೆ ಹಾಲೇಶ" ಅಂತ ಬೆನ್ನು ತಟ್ಟಿ ಟಿ.ಸಿ. ಕೊಟ್ಟರು. ಅವರ ಮಕ್ಕಳು ಮಾತ್ರ ಕಾಲೇಜಿಗೆ ಹೋದವು. ನಾನು ವೆಲ್ಡಿಂಗ್ ಕಲಿತೆ. ಈಗ ಬಸ್‌ಸ್ಟ್ಯಾಂಡಿನ ಹಿಂದೆ ಸ್ವಂತ ಶೆಡ್ಡಿದೆ, ಗೇಟು, ಕಿಟಕಿ ಗ್ರಿಲ್ಲು ಮಾಡುತ್ತೇನೆ.

ನನ್ನಕ್ಕನ ಹೆಸರು ಶಿವಗಂಗೆ, ಅಜ್ಜಿಯ ಮನೆಯಲ್ಲಿ ಬೆಳೆದವಳು. ಅವಳಾದರೂ ತಪ್ಪಿಸಿಕೊಂಡಳಲ್ಲ ಅಂದುಕೊಂಡಿದ್ದೆ. ಅವಳನ್ನು ಶಾಮಿಯಾನದ ಚನ್ನವೀರನಿಗೆ ಕೊಟ್ಟರು. ಊರಿನ ಅರ್ಧ ಮದುವೆಗಳು ಅವನ ಪೆಂಡಾಲಿನ ಕೆಳಗೇ ಆಗುವುದು. ಪಾತ್ರೆ, ಕುರ್ಚಿ, ಮಂಟಪ, ಎಲ್ಲಾ ಅವನದೇ. ಹೊರಗೆ ನಿಂತು ಬಂದವರಿಗೆ ಕೈ ಮುಗಿಯುತ್ತಿದ್ದರೆ ಇವನಂಥ ದೊಡ್ಡ ಮನುಷ್ಯ ಇಲ್ಲ ಅನ್ನಬೇಕು. ಮದುವೆಯಾಗಿ ಮೂರನೇ ವರ್ಷಕ್ಕೆ ಅವರಿಬ್ಬರ ಕಿವಿ ಮುಚ್ಚಿತು. ಮಗಳು ಬಿಂದು ಮಾತು ಕಲಿಯುವವರೆಗೆ ಅಕ್ಕನ ಅತ್ತೆ ಒಪ್ಪಿಸುತ್ತಿದ್ದಳು, ಅವಳು ಸತ್ತ ಮೇಲೆ ಬಿಂದು. ಈಗ ಅವಳಿಗೆ ಏಳು ವರ್ಷ.

ಒಂದು ಭಾನುವಾರ ಅವರ ಮನೆಯ ಗೇಟಿಗೆ ಹೊಸ ಚಿಲಕ ಹಾಕಲು ಹೋಗಿದ್ದೆ. ಅಕ್ಕ ಊಟಕ್ಕೆ ಎಬ್ಬಿಸಿದಳು. ಭಾವನೂ ಪಕ್ಕದಲ್ಲಿ ಕೂತ. ಅಕ್ಕ ಮುದ್ದೆ ಇಟ್ಟು ಸಾರು ಬಿಟ್ಟಳು. ಭಾವ ಒಂದು ತುತ್ತು ನುಂಗಿ, ಹವಾ ಹೇಗಿದೆ ಅಂತ ಕೇಳುವಷ್ಟು ತಣ್ಣಗೆ ಅಂದ:

"ಈ ಹಡಬೆಗೆ ಹೇಳು, ನಾಯಿ ಮುಂದಿಟ್ಟರೂ ಮೂಸಲ್ಲ ಇದನ್ನ."

ಬಿಂದು ಎಂಜಲು ನುಂಗಿಕೊಂಡಳು. ಒಂದು ಗಳಿಗೆ ಕಣ್ಣು ಮುಚ್ಚಿ ತೆಗೆದಳು. ಆಮೇಲೆ ಅಕ್ಕನ ಕಡೆ ತಿರುಗಿ ನಕ್ಕಳು.

"ಅಮ್ಮಾ, ಸಾರು ಚೆನ್ನಾಗಿದೆಯಂತೆ ಅಪ್ಪಂಗೆ."

ಅಕ್ಕ ಇನ್ನೊಂದು ಸೌಟು ಸಾರು ತಂದಳು. ಭಾವ ತಟ್ಟೆ ನೂಕಿದ. "ಹೊಟ್ಟೆ ತುಂಬ್ತಂತಮ್ಮ," ಅಂದಳು ಬಿಂದು, ತಟ್ಟೆ ನಿಲ್ಲುವ ಮೊದಲೇ. ಕೋರ್ಟಿನ ವಕೀಲರಿಗೂ ಇಲ್ಲ ಆ ಚುರುಕು. ನನ್ನ ಕೈಯಲ್ಲಿದ್ದ ಮುದ್ದೆ ಕಲ್ಲಾಯಿತು.

"ಅಕ್ಕಾ, ಅವನು ಅಂದಿದ್ದು ಅದಲ್ಲ," ಅಂದೆ. ಅಂದು, ಅವನು ಏನಂದ ಅಂತ ಹೇಳಿಯೂ ಹೇಳಿದೆ.

ಭಾವ ಜೋರಾಗಿ ನಕ್ಕ. "ಓಹೋ, ಹಾಲೇಶಪ್ಪನಿಗೆ ಹಳೇ ಚಾಳಿ ಬಿಟ್ಟಿಲ್ಲ," ಅಂದ. ಅಕ್ಕ ಅವನನ್ನೂ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಬಿಂದುವನ್ನೇ ನೋಡುತ್ತಿದ್ದಳು.

"ದಿನಾ ಹಿಂಗೇನಾ ಪುಟ್ಟಿ?"

"ಇಲ್ಲಮ್ಮ. ಮಾವ ಸುಳ್ಳು ಹೇಳ್ತಿದಾನೆ," ಅಂದಳು ಬಿಂದು. ಮತ್ತೆ ಅದೇ ನಗು.

ಮಾರನೇ ದಿನ ಬೆಳಿಗ್ಗೆ ಅಕ್ಕ ಒಂದು ಚೀಲ, ಒಂದು ಮಗು ಹಿಡಿದುಕೊಂಡು ನನ್ನ ಶೆಡ್ಡಿನ ಬಾಗಿಲಿಗೆ ಬಂದಳು. "ಅವರ ಮುಖ ನೋಡಿದ್ರೆ ಗೊತ್ತಾಗಲ್ವೇನೋ ನಂಗೆ?" ಅಂದಳು. "ಮಾತು ಒರಟು ಅಂತ ಗೊತ್ತಿತ್ತು. ಕೈ ಎತ್ತಿದಾಗ ಮಾತು ಬೇಕಾ? ಆದ್ರೆ ಇಷ್ಟು ಕೊಳಕು ಇವಳ ಬಾಯಲ್ಲಿ ಹಾದು ಬರ್ತಿದೆ ಅಂತ ಗೊತ್ತಿರ್ಲಿಲ್ಲ ಕಣೋ. ಇವಳು ಸೋಸಿ ಸೋಸಿ ಕೊಡ್ತಿದ್ಲು. ಸೋಸಿದ ಮೇಲೆ ಚರಟ ಎಲ್ಲಿ ಹೋಯ್ತು ಹೇಳು?"

ಚರಟ ಎಲ್ಲಿ ಹೋಯಿತು ಅನ್ನುವುದನ್ನು ನಾನು ಆ ವಾರವೆಲ್ಲ ನೋಡಿದೆ. ಶೆಡ್ಡಿನ ಹಿಂದಿನ ಕೋಣೆಯಲ್ಲಿ ನಾವು ಮೂವರೇ. ಅಕ್ಕ "ಹಾಲೇಶ, ಟೀ ಆರ್ತಿದೆ" ಅಂದರೆ ಬಿಂದು ನನ್ನ ಕಡೆ ತಿರುಗಿ, "ಮಾವ, ಟೀ ಆರ್ತಿದೆಯಂತೆ" ಅನ್ನುತ್ತಿದ್ದಳು. "ನಂಗೆ ಕೇಳಿಸುತ್ತೆ ಕಣೇ ತಾಯಿ!" ಅಂದರೆ ಅದನ್ನೂ ಅಕ್ಕನಿಗೆ ಒಪ್ಪಿಸುತ್ತಿದ್ದಳು, "ಅಮ್ಮಾ, ಮಾವನಿಗೆ ಕೇಳಿಸುತ್ತಂತೆ." ತರಕಾರಿಯವಳ ಮಾತು ಅಕ್ಕನಿಗೆ, ಅಕ್ಕನ ಮಾತು ತರಕಾರಿಯವಳಿಗೆ. ಆಟ ಆಡುವಾಗ ಎರಡು ಬೋಲ್ಟುಗಳನ್ನು ಎದುರುಬದುರು ಇಟ್ಟು ನಡುವೆ ಒಂದು ನಟ್ಟು ಇಡುತ್ತಿದ್ದಳು. ನಟ್ಟು ಅತ್ತ ಹೋಗಿ ಇತ್ತ ಬರುತ್ತಿತ್ತು.  ಆ ವಾರ ನಾನು ಹಾಕಿದ ಒಂದು ಬೆಸುಗೆಯೂ ನೆಟ್ಟಗಿರಲಿಲ್ಲ.

ಊರು ಸುಮ್ಮನಿರುತ್ತದೆಯೇ? ಮನೆಹಾಳ ಅಂತ ನನಗೆ ಹೆಸರಿಟ್ಟರು. "ಕೂಸು ಅಷ್ಟು ಚೆನ್ನಾಗಿ ಮನೆ ನಡೆಸ್ತಿತ್ತು, ಇವನ್ಯಾಕೆ ಮಧ್ಯೆ ಬಾಯಿ ಹಾಕಿದ?" ಅಂತ ಗ್ರಿಲ್ಲು ಹೇಳಿದ್ದ ಇಬ್ಬರು ಆರ್ಡರ್ ವಾಪಸ್ ತಗೊಂಡರು. ಅವ್ವ ಬಂದು, "ಹೊಂದ್ಕೊಂಡು ಹೋಗ್ಬೇಕಮ್ಮ ಗಂಗಾ, ನಾನಿಲ್ವಾ?" ಅಂದಳು. "ನೀನಿದೀಯ ಅಂತಾನೇ ಹೋಗಲ್ಲ," ಅಂದಳು ಅಕ್ಕ.

ಕೋರ್ಟಿನ ಹಿಂದೆ, ಜೆರಾಕ್ಸ್ ಅಂಗಡಿಯ ಪಕ್ಕದಲ್ಲಿ, ಉಚಿತ ಕಾನೂನು ನೆರವು ಅಂತ ಬೋರ್ಡು ಹಾಕಿದ ಒಂದು ಕೋಣೆ ಇದೆ. ಬೋರ್ಡಿನ ಅರ್ಧ ಅಕ್ಷರ ಬಿಸಿಲಿಗೆ ಹೋಗಿದೆ. ಅಲ್ಲಿ ಕೂರುವವರು ನಸೀಮಾ ಮೇಡಂ. ದಪ್ಪ ಹೆಂಗಸು, ದಪ್ಪ ಕನ್ನಡಕ, ದವಡೆಯಲ್ಲಿ ಯಾವಾಗಲೂ ಒಂದು ಲವಂಗ. ಅಕ್ಕನನ್ನು ಕರೆದುಕೊಂಡು ಹೋದೆ. ಅವಳು ಹೇಳಿದ್ದನ್ನೆಲ್ಲ ಕೇಳಿ, "ಹೊಡೆದಿದಾನಾ?" ಅಂದರು.

"ಹೊಡೆದಿದಾರೆ."

"ಅದನ್ನ ಬರೆದುಕೊಳ್ತೀನಿ. ಆದ್ರೆ ಈ ಕೋರ್ಟಿಗೆ ಹೊಡೆತ ಆಮೇಲೆ, ಮೊದಲು ಮಾತು. ಮಾತು ಓಡಾಡೋ ಮನೆ ಮುರಿಯೋ ಹಾಗಿಲ್ಲ ಅಂತ ಜಡ್ಜ್ ಸಾಹೇಬರ ತಲೆ ಮೇಲೇ ಗೋಡೆಗೆ ಬರೆಸಿದಾರೆ. ಇಬ್ಬರನ್ನೂ ಎದುರುಬದುರು ನಿಲ್ಲಿಸ್ತಾರೆ. ನಡುವೆ ಕೂಸು. ಕೂಸು ಇಬ್ಬರ ಮಾತನ್ನೂ ಒಪ್ಪಿಸಿದ್ರೆ ಮನೆ ನಡೀತಿದೆ ಅಂತ ಲೆಕ್ಕ, ಒಬ್ಬರದು ನಿಂತರೂ ಇಲ್ಲ. ಏನು ಒಪ್ಪಿಸ್ತೋ ಅದನ್ನ ಗುಮಾಸ್ತ ಬರೆದುಕೊಳ್ತಾನೆ."

"ಭಾವ ಏನಂದ ಅನ್ನೋದನ್ನ ಬರೆದುಕೊಳ್ಳಲ್ವಾ?"

"ಇಲ್ಲಪ್ಪ. ದೊಡ್ಡವರ ಬಾಯಿ ಸುಳ್ಳಾಡುತ್ತೆ, ಕೂಸಿನ ಬಾಯಿ ಸುಳ್ಳಾಡಲ್ಲ ಅಂತ ಇವರ ನಂಬಿಕೆ."

"ಕೋರ್ಟಲ್ಲಿ ಕೂತ ಎಲ್ಲರಿಗೂ ಅವನ ಮಾತು ಕೇಳಿಸುತ್ತಲ್ಲ ಮೇಡಂ! ಎಲ್ಲರಿಗೂ ಕಿವಿ ಮುಚ್ಚಿದೆಯಾ?" ಅಂತ ಟೇಬಲ್ ಗುದ್ದಿದೆ.

ಮೇಡಂ ಲವಂಗವನ್ನು ಈ ದವಡೆಯಿಂದ ಆ ದವಡೆಗೆ ಸರಿಸಿದರು. "ಕೇಳಿಸುತ್ತೆ. ಕೇಳಿಸಿದ್ದು ಸಾಕ್ಷಿ ಅಲ್ಲ, ಒಪ್ಪಿಸಿದ್ದು ಸಾಕ್ಷಿ. ನಂಗೂ ಸಿಟ್ಟು ಬರುತ್ತಪ್ಪ. ನಿನ್ನ ಹಾಗೆ ಟೇಬಲ್ ಗುದ್ದಿದ್ರೆ ನನ್ನ ಟೇಬಲ್ಲೇ ಮುರಿಯೋದು."

ಮೊದಲ ವಾಯಿದೆಯ ದಿನ ಕೋರ್ಟು ತುಂಬಿತ್ತು. ನಡುಗೂಸು ಮಾತು ಒಪ್ಪಿಸುವುದನ್ನು ನೋಡಲು ಜನ ಹರಿಕಥೆಗೆ ಬಂದ ಹಾಗೆ ಬರುತ್ತಾರೆ. ಚನ್ನವೀರನ ಪರ ಅಯ್ಯಣ್ಣ ವಕೀಲ, ಬಿಳಿ ಮೀಸೆಗೆ ಎಣ್ಣೆ ಹಚ್ಚಿಕೊಂಡು ಬಂದಿದ್ದ. ಸಾಹೇಬರು ಬಿಂದುವಿನ ತಲೆ ಸವರಿ, "ಹೆದರಬೇಡಮ್ಮ, ನೀನೇ ಈ ಮನೆಯ ಕಂಬ," ಅಂದರು. ಏಳು ವರ್ಷದ ಕೂಸಿಗೆ ಕಂಬ ಅನ್ನುತ್ತಾರೆ ನೋಡಿ. ಚಾವಣಿ ಹೊತ್ತ ಕಂಬ ಅಲ್ಲಾಡುವ ಹಾಗಿಲ್ಲ, ಅಳುವ ಹಾಗಿಲ್ಲ.

"ಯಜಮಾನರು ಮಾತಾಡಬಹುದು," ಅಂದ ಗುಮಾಸ್ತ.

ಭಾವ ಕೈ ಮುಗಿದುಕೊಂಡೇ ಇದ್ದ. ಮುಖದ ತುಂಬ ನಗು, ಮದುವೆ ಮನೆಯ ಬಾಗಿಲಲ್ಲಿ ನಿಂತಾಗ ಇರುವಂಥದ್ದೇ. ಅದೇ ನಗುವಿನಲ್ಲಿ ಅಂದ: "ಲೇ ಬೇವರ್ಸಿ, ಮನೆಗೆ ಬಾ, ಒಲೆಗೆ ನಿನ್ನ ಕಾಲನ್ನೇ ಇಟ್ಟು ಉರಿ ಹಾಕ್ತೀನಿ."

ನೂರು ಜನ ಕೇಳಿಸಿಕೊಂಡರು. ಒಬ್ಬ ಕೆಮ್ಮಿದ. ಒಬ್ಬಳು ಸೆರಗು ಸರಿಮಾಡಿಕೊಂಡಳು. ಸಾಹೇಬರು ಪೆನ್ನಿನ ಕ್ಯಾಪು ನೋಡಿದರು. ಎಲ್ಲರೂ ಕಾಯುತ್ತಿದ್ದದ್ದು ಬಿಂದುವಿನ ಬಾಯಿಗೆ. ಅವಳು ಎಂಜಲು ನುಂಗಿಕೊಂಡಳು, ಕಣ್ಣು ಮುಚ್ಚಿ ತೆಗೆದಳು.

"ಅಮ್ಮಾ, ಮನೆಗೆ ಬಾ ಅಂತಿದಾನೆ ಅಪ್ಪ. ನೀನಿಲ್ದೆ ಒಲೆ ಉರೀತಿಲ್ವಂತೆ."

"ಆಹಾ!" ಅಂದಳು ಹಿಂದಿನ ಸಾಲಿನ ಒಬ್ಬ ಮುದುಕಿ. ಗುಮಾಸ್ತ ಬರೆದುಕೊಂಡ. ಈಗ ಅಕ್ಕನ ಸರದಿ. ಅಕ್ಕ ನೇರವಾಗಿ, "ನನ್ನನ್ನ ಬಿಟ್ಟುಬಿಡಿ. ನಿಮ್ಮ ಜೊತೆ ಬಾಳಲ್ಲ," ಅಂದಳು. ಬಿಂದು ಅಪ್ಪನ ಕಡೆ ತಿರುಗಿ, "ಅಪ್ಪಾ, ಹಬ್ಬಕ್ಕೆ ಬರ್ತಾಳಂತೆ ಅಮ್ಮ," ಅಂದಳು. ಅದನ್ನೂ ಬರೆದುಕೊಂಡ. ನಾನು ಎದ್ದು ನಿಂತು, "ನಿಮ್ಮ ಕಿವಿಗೆ ಏನು ಸೀಸ ಕಾಸಿ ಹುಯ್ದಿದಾರೇನ್ರೋ!" ಅಂತ ಅರಚಿದೆ. ಇಬ್ಬರು ಪೊಲೀಸಿನವರು ರಟ್ಟೆ ಹಿಡಿದು ಹೊರಗೆ ದಬ್ಬಿದರು. ನನ್ನ ಮಾತನ್ನು ಯಾರೂ ಬರೆದುಕೊಳ್ಳಲಿಲ್ಲ, ಒಪ್ಪಿಸಲು ಕೂಸಿರಲಿಲ್ಲವಲ್ಲ.

ನಾನು ಹೊರಬಿದ್ದ ಮೇಲೆ ಒಳಗೆ ಅಕ್ಕ ಅತ್ತಳಂತೆ. ಮಾತು ಓಡಾಡುತ್ತಿದೆ, ಆದರೂ ಹೆಣ್ಣುಮಗಳು ಅತ್ತದ್ದರಿಂದ ಇನ್ನೊಂದು ವಾಯಿದೆ ಕೊಟ್ಟಿದೆ ಅಂದರಂತೆ ಸಾಹೇಬರು. ಅವತ್ತೂ ಕೂಸು ಮಾತು ಒಪ್ಪಿಸಿದರೆ ತಾಯಿ ಮಗಳು ಇಬ್ಬರೂ ಚನ್ನವೀರನ ಮನೆಗೆ ವಾಪಸ್ ಹೋಗಬೇಕು. ಆಮೇಲೆ ಕೇಸು ಹಾಕುವ ಹಾಗಿಲ್ಲ.

ಮೇಡಂ ಕೋಣೆಯಲ್ಲಿ ನಾನು ಸಿಟ್ಟಿನಿಂದ ಅತ್ತಿಂದಿತ್ತ ಓಡಾಡಿದೆ. ಬಿಂದು ಹೊರಗೆ ಜೆರಾಕ್ಸ್ ಮಿಷನ್ನಿನ ಬೆಳಕು ನೋಡುತ್ತ ನಿಂತಿದ್ದಳು.

"ಸುಲಭ ಇದೆ," ಅಂದೆ. "ಬಿಂದುಗೆ ಹೇಳಿಕೊಡೋಣ. ಅವನು ಏನಂತಾನೋ ಅದನ್ನೇ ಹೇಳು ಅಂತ. ಒಂದೇ ಒಂದು ಸಲ. ಗುಮಾಸ್ತ ಬರ್ಕೊಳ್ಳಲಿ, ಬೇವರ್ಸಿ ಅಂತ, ಕಾಲು ಸುಡ್ತೀನಿ ಅಂತ. ಗೋಡೆ ಮೇಲೆ ಬೇಕಾದ್ರೂ ಬರೆಸಲಿ."

"ಹಂಗೆ ಹೇಳಿದ್ರೆ ಆ ಬೈಗುಳಾನೇ ಸಾಕ್ಷಿಯಾಗುತ್ತೆ, ಅವತ್ತೇ ಬಿಡುಗಡೆ," ಅಂದರು ಮೇಡಂ. ಅಂದವರು ತಲೆ ಎತ್ತಲಿಲ್ಲ.

"ಬೇಡ," ಅಂದಳು ಅಕ್ಕ.

"ಏನು ಬೇಡ?"

"ಆ ಮಾತು ಅವಳ ಬಾಯಿಂದ ಬರೋದು ಬೇಡ. ನನ್ನ ಮುಖ ನೋಡ್ಕೊಂಡು ಅವಳು ನನ್ನನ್ನ ಬೇವರ್ಸಿ ಅನ್ನಬೇಕಾ? ಅದನ್ನ ಅವಳು ಸಾಯೋವರೆಗೂ ಮರೀತಾಳಾ?"

"ಇಲ್ದಿದ್ರೆ ಸಾಯೋವರೆಗೂ ನುಂಗ್ತಾಳಲ್ಲಕ್ಕ!"

"ನುಂಗೋದೂ ಬೇಡ, ಉಗುಳೋದೂ ಬೇಡ."

"ಮತ್ತೆ? ಆಕಾಶದಿಂದ ಯಾರಾದ್ರೂ ಇಳಿದು ಬರ್ತಾರಾ ನಿನ್ನ ಬಿಡಿಸೋಕೆ? ನೀನು ಹಿಂಗೇ ಒಳ್ಳೆಯವಳಾಗಿರು. ಒಳ್ಳೆಯವರನ್ನ ಕಂಡ್ರೆ ಈ ಊರಿಗೆ ಬಲು ಪ್ರೀತಿ, ಬೇಯಿಸಿ ತಿನ್ನುತ್ತೆ!"

ಅಕ್ಕ ನನ್ನ ಕೆನ್ನೆಗೆ ಹೊಡೆದಳು. ಅವ್ವನ ಕೈಯೇ. ಮೇಡಂ ಎದ್ದು ನನಗೊಂದು ಲೋಟ ನೀರು ಕೊಟ್ಟರು. "ಕುಡಿಯಪ್ಪ. ಮಗು ಅವಳದು. ಕೇಸೂ ಅವಳದು," ಅಂದರು.

ಎರಡನೇ ವಾಯಿದೆಗೆ ಇನ್ನೂ ಜಾಸ್ತಿ ಜನ. ಭಾವ ಮಗಳಿಗೆ ಅಂತ ಒಂದು ಫ್ರಾಕು ತಂದು, ಎಲ್ಲರಿಗೂ ಕಾಣುವ ಹಾಗೆ ಅಯ್ಯಣ್ಣನ ಮೇಜಿನ ಮೇಲೆ ಇಟ್ಟಿದ್ದ. ಬಾಯಿ ತೆಗೆದರೆ ಕಿತ್ತು ಹಾಕುತ್ತೇವೆ ಅಂತ ಪೊಲೀಸಿನವರು ನನಗೆ ಮೊದಲೇ ಹೇಳಿದ್ದರು. ಹಲ್ಲು ಕಚ್ಚಿ ಕೂತೆ.

ಭಾವ ಶುರು ಮಾಡಿದ. ನಗುತ್ತಲೇ ಒಂದು ಮಾತು ಅಂದ. ಅದನ್ನು ನಾನು ಇಲ್ಲಿ ಹೇಳುವುದಿಲ್ಲ. ಬಿಂದು ಅದನ್ನು ನುಂಗಿ, "ಹೊಸ ಸೀರೆ ತೆಗೆದಿಟ್ಟಿದಾನಂತಮ್ಮ," ಅಂದಳು. ಗುಮಾಸ್ತನ ಪೆನ್ನು ಓಡಿತು. ಅಯ್ಯಣ್ಣ ಮೀಸೆ ನೀವಿಕೊಂಡ.

"ಹೆಣ್ಣುಮಗಳು ಮಾತಾಡಬಹುದು."

 ಅಕ್ಕ ಅಲ್ಲೇ ಕೋರ್ಟಿನ ನೆಲದ ಮೇಲೆ, ಬಿಂದುವಿನ ಮುಂದೆ ಕುಕ್ಕರಗಾಲಲ್ಲಿ ಕೂತಳು. ಗಂಡನ ಕಡೆ ನೋಡಲೇ ಇಲ್ಲ. ಮಗಳ ಗದ್ದ ಹಿಡಿದು ಎತ್ತಿದಳು.

"ಬಿಂದು, ನಿನ್ನ ಮುಂದಿನ ಹಲ್ಲು ಬಿದ್ದಿದೆ."

ಬಿಂದು ಕಣ್ಣು ಕಣ್ಣು ಬಿಟ್ಟಳು.

"ಯಾವಾಗ ಬಿತ್ತು? ನಂಗೆ ಗೊತ್ತೇ ಆಗಲಿಲ್ಲ. ಬಾಯಿ ತೆಗೆದ್ರೆ ನಿಮ್ಮಪ್ಪನ ಮಾತೇ ಬರ್ತಿತ್ತು, ನಾನು ಹಲ್ಲು ನೋಡಲೇ ಇಲ್ಲ ಪುಟ್ಟಿ. ನೋವಾಯ್ತಾ?"

ಬಿಂದು ರೂಢಿಯಂತೆ ಅಪ್ಪನ ಕಡೆ ತಿರುಗಿದಳು. ಎಂಜಲು ನುಂಗಿದಳು. ಕಣ್ಣು ಮುಚ್ಚಿದಳು, ತೆಗೆದಳು. ಬಾಯಿ ತೆರೆಯಿತು. ತೆರೆದ ಬಾಯಿ ಹಾಗೇ ನಿಂತಿತು. ಅವಳ ನಾಲಿಗೆ ಹಲ್ಲಿಲ್ಲದ ಜಾಗವನ್ನು ತಡವುತ್ತಿದ್ದದ್ದು ನನಗೆ ಕಾಣಿಸುತ್ತಿತ್ತು.

"ಒಪ್ಪಿಸಮ್ಮ," ಅಂದರು ಸಾಹೇಬರು. "ಅಮ್ಮ ಏನಂದಳು? ಅಪ್ಪನಿಗೆ ಹೇಳು."

ಬಿಂದು ಅಪ್ಪನನ್ನು ನೋಡಿದಳು, ಅಮ್ಮನನ್ನು ನೋಡಿದಳು.

"ಅದು ಅಪ್ಪಂಗಲ್ಲ," ಅಂದಳು. "ನಂಗೆ ಕೇಳಿದ್ದು."

 ಗುಮಾಸ್ತ ಪೆನ್ನು ಎತ್ತಿ ಹಿಡಿದುಕೊಂಡೇ ಇದ್ದ. ಬಿಂದು ಅಮ್ಮನ ಕಡೆ ತಿರುಗಿದಳು. ದನಿ ಸಣ್ಣಗಿತ್ತು, ಆದರೆ ಅದಕ್ಕೆ ಸಕ್ಕರೆ ಹಚ್ಚಿರಲಿಲ್ಲ. "ನೋವಾಗ್ಲಿಲ್ಲ. ರಕ್ತ ಬಂತು. ಅಪ್ಪ ಮಾತಾಡ್ತಿದ್ದ, ಉಗಿಯೋಕೆ ಆಗ್ಲಿಲ್ಲ. ನುಂಗ್ಬಿಟ್ಟೆ."

ಅಕ್ಕ ಅವಳನ್ನು ಎಳೆದು ಅಪ್ಪಿಕೊಂಡಳು. ಅಯ್ಯಣ್ಣ ವಕೀಲ ದಡಬಡ ಎದ್ದ. "ಪುಟ್ಟಿ, ಬಾರಮ್ಮ ಇಲ್ಲಿ, ನೋಡು ಎಂಥಾ ಫ್ರಾಕು! ಅಮ್ಮ ಅಂದದ್ದನ್ನ ಅಪ್ಪನಿಗೆ ಒಂದು ಮಾತು ಹೇಳಿಬಿಡು, ಆಯ್ತು."

ನಸೀಮಾ ಮೇಡಂ ಕೂತಲ್ಲಿಂದಲೇ ಗುಡುಗಿದರು. "ವಕೀಲರೇ, ಕೂಸಿಗೆ ಆಸೆ ತೋರಿಸಿ ಮಾತು ಆಡಿಸೋದು ಯಾವ ಕಾನೂನಲ್ಲಿದೆ? ಕೂಸಿನ ಬಾಯಿ ಸುಳ್ಳಾಡಲ್ಲ ಅಂದವರು ನೀವು. ಆ ಬಾಯಿ ಈಗ 'ಅದು ಅಪ್ಪನಿಗಲ್ಲ' ಅಂದಿದೆ. ಅದನ್ನ ಬರ್ಕೊಳ್ಳಿ!"

ಭಾವನಿಗೆ ಅಕ್ಕನ ಮಾತು ಕೇಳಿಸಿಲ್ಲವಲ್ಲ. ಅವನು ನೋಡಿದ್ದು ಹೆಂಡತಿ ನೆಲಕ್ಕೆ ಕೂತದ್ದು, ಮಗಳು ಬಾಯಿ ಕಟ್ಟಿಕೊಂಡದ್ದು, ಜನ ಅವನ ಮುಖವನ್ನೇ ನೋಡುತ್ತಿದ್ದದ್ದು. ಅವನ ನಗು ಹರಿದ ಶಾಮಿಯಾನದ ಹಾಗೆ ಒಂದು ಮೂಲೆಯಿಂದ ಕಳಚಿತು. "ಏನಂತೆ ಅವಳದು?" ಅಂದ. "ಏನು ಪಿಸಿಪಿಸಿ? ಬೊಗಳೇ!" ಬಿಂದು ಅಮ್ಮನ ಹೆಗಲಲ್ಲಿ ಮುಖ ಹುದುಗಿಸಿದಳು. "ಹೇಳ್ತೀಯೋ ಇಲ್ವೋ? ನೀನೂ ಅವಳ ಹಂಗೇ ಬೇವರ್ಸಿನೇ!" ಅಂತ ಕೈ ಎತ್ತಿಕೊಂಡು ಮುಂದೆ ಬಂದ. ಹೆಂಡತಿಗೆ ಹೇಳು ಅನ್ನುವ ನೆಪ ಈಗ ಇರಲಿಲ್ಲ, ಆ ಮಾತು ನೇರ ಕೂಸಿಗೇ ಬಿತ್ತು. ಹೋದ ಸಲ ನನ್ನನ್ನು ದಬ್ಬಿದ್ದ ಪೊಲೀಸಿನವರೇ ಈ ಸಲ ಅವನನ್ನು ಹಿಡಿದುಕೊಂಡರು.

ಮೂರು ಸಲ ಕೇಳುವುದು ಪದ್ಧತಿ. ಸಾಹೇಬರು ಇನ್ನೆರಡು ಸಲ ಕೇಳಿದರು. ಬಿಂದು ತಲೆ ಎತ್ತಲಿಲ್ಲ. ಗುಮಾಸ್ತ ಪೆನ್ನು ಕೆಳಗಿಟ್ಟ. "ಮಾತು ಓಡಾಡಲಿಲ್ಲ," ಅಂದರು ಸಾಹೇಬರು, ತಮ್ಮ ಮನೆಯಲ್ಲೇ ಯಾರೋ ಸತ್ತ ಹಾಗೆ. "ಹೆಣ್ಣುಮಗಳಿಗೆ ಬಿಡುಗಡೆ. ಕೂಸು ತಾಯಿ ಹತ್ತಿರ. ಒಂದು ಮನೆ ಹೋಯಿತು."

ಹಿಂದಿನ ಸಾಲಿನ ಮುದುಕಿಯರು ಬಾಯಿಗೆ ಸೆರಗು ಹಿಡಿದು ಅತ್ತರು. ಆ ಮನೆಗೋಸ್ಕರ ಅತ್ತರು! ಒಂದು ಇಟ್ಟಿಗೆಯೂ ಬಿದ್ದಿರಲಿಲ್ಲ ಆ ಮನೆಯದು. ರಕ್ತ ನುಂಗಿದೆ ಅಂತ ಕೂಸು ಅಂದಾಗ ಒಂದು ಕಣ್ಣೂ ಒದ್ದೆಯಾಗಿರಲಿಲ್ಲ. ಹೊರಗೆ ಮೆಟ್ಟಿಲ ಮೇಲೆ ಒಬ್ಬಳು ಬಿಂದುವಿನ ಗಲ್ಲಕ್ಕೆ ತಿವಿದು, "ಒಂದು ಮಾತು ಒಪ್ಪಿಸಿದ್ರೆ ಮನೆ ಉಳೀತಿತ್ತಲ್ಲೇ, ಪಾಪಿ ಮುಂಡೇದೆ," ಅಂದಳು. ನಾನು ಅವಳ ಕಡೆ ನುಗ್ಗಿದೆ. ಮೇಡಂ ನನ್ನ ಅಂಗಿಯ ಕಾಲರ್ ಹಿಡಿದು ಹಿಂದಕ್ಕೆ ಎಳೆದರು. "ಒಳಗೆ ಗೆದ್ದಿದ್ದನ್ನ ಮೆಟ್ಟಿಲ ಮೇಲೆ ಕಳ್ಕೋಬೇಡ. ನಾಳೆ ಇನ್ನೊಂದು ಕೇಸಿದೆ ನಂಗೆ, ಅದರಲ್ಲಿ ಕೂಸಿಗೆ ಐದೇ ವರ್ಷ. ಹೋಗು, ಇವರಿಗೆ ಏನಾದ್ರೂ ತಿನ್ನಿಸು."

ಕೋರ್ಟಿನ ಎದುರು ಮಂಡಕ್ಕಿ ಹೋಟೆಲಿದೆ, ತಗಡಿನ ಚಪ್ಪರ, ಎರಡು ಬೆಂಚು. ಕೂತೆವು.  ಹೋಟೆಲಿನವನು ಬಾಣಲೆ ಮುಂದಿನಿಂದಲೇ, "ಏನು ಕೊಡ್ಲಿ?" ಅಂದ. ನನ್ನ ಸಿಟ್ಟು ಇನ್ನೂ ಇಳಿದಿರಲಿಲ್ಲ, ಅವನ ಮೇಲೂ ರೇಗಿದೆ.

"ಮೂರು ಮಂಡಕ್ಕಿ ಕೊಡಪ್ಪ. ಮಗುದಕ್ಕೆ ಖಾರ ಹಾಕಬೇಡ, ಅವಳು ಖಾರ ತಿನ್ನಲ್ಲ."

"ಮಾವ, ನೀನು ಸುಮ್ನಿರು!"

ಯಾರು ಕೂಗಿದ್ದು ಅಂತ ನಾನು ತಿರುಗಿ ನೋಡಿದೆ. ಬಿಂದು ಬೆಂಚಿನ ಮೇಲೆ ಎದ್ದು ನಿಂತಿದ್ದಳು. ಮುಖ ಕೆಂಪಾಗಿತ್ತು. "ನಾನ್ ಹೇಳ್ತೀನಿ. ನಂಗೆ ಬಾಯಿಲ್ವಾ?"

ಈ ಊರಲ್ಲಿ ನನ್ನ ಬಾಯಿ ಮುಚ್ಚಿಸಿದವರು ಯಾರೂ ಇಲ್ಲ, ಇವತ್ತು ಪೊಲೀಸಿನವರು ಹೆದರಿಸಿದ್ದು ಬಿಟ್ಟರೆ. ಮುಚ್ಚಿಕೊಂಡೆ. ಅವಳು ಯೋಚನೆ ಮಾಡಿದಳು. ಬಾಣಲೆಯಲ್ಲಿ ಎಣ್ಣೆ ಚುರುಗುಟ್ಟಿತು, ಹಿಂದೆ ಬಂದ ಗಿರಾಕಿ ಗೊಣಗಿದ, ಹೋಟೆಲಿನವನು ಜಾಲರಿ ಸೌಟು ಹಿಡಿದು ಕಾದ. ಅಕ್ಕನೂ ಕಾದಳು. ಬಿಂದು ಯಾರನ್ನೂ ಕಾಯಿಸಿದವಳೇ ಅಲ್ಲ. ಇವತ್ತು ಬೇಕಾದಷ್ಟು ಹೊತ್ತು ತಗೊಂಡಳು.

"ಮೆಣಸಿನಕಾಯಿ ಬಜ್ಜಿ," ಅಂದಳು ಕೊನೆಗೆ. "ದೊಡ್ಡದು."

"ಖಾರ ಕಣೇ ಪುಟ್ಟಿ," ಅಂದಳು ಅಕ್ಕ.

"ಇರ್ಲಿ."

ಬಜ್ಜಿ ಬಂತು. ಹಲ್ಲಿಲ್ಲದ ಕಡೆ ಬಿಟ್ಟು ಇನ್ನೊಂದು ಪಕ್ಕದಿಂದ ಕಚ್ಚಿದಳು. ಕಣ್ಣಲ್ಲಿ ನೀರು ತುಂಬಿತು, ಮೂಗು ಸೋರಿತು. ಬಾಯಲ್ಲಿದ್ದದ್ದನ್ನು ನುಂಗಲಿಲ್ಲ, ಎದ್ದು ಹೋಗಿ ಚರಂಡಿಗೆ ಥೂ ಅಂತ ಉಗಿದು ಬಂದಳು. "ದರಿದ್ರದ್ದು!" ಅಂತ ತಟ್ಟೆಗೆ ಬೈದಳು. ಆಮೇಲೆ ಕೂತು, ಇನ್ನೊಂದು ಬಜ್ಜಿ ಎತ್ತಿಕೊಂಡಳು.